ಫ್ರೀಜರ್‌ನಲ್ಲಿರುವ ಕೊರಮೀನು

ನಮ್ಮ ಮನೆಯ ಫ್ರೀಜರ್‌ನಲ್ಲಿ ಒಂದು ಮೀನಿದೆ. ಇವತ್ತಿಗೆ ಹನ್ನೆರಡು ದಿನ.

ಮೊಳಕ್ಕಿಂತ ಉದ್ದದ ಕೊರಮೀನು. ನಾನೇ ಹಿಡಿದದ್ದು. ಐಸ್ ಟ್ರೇ ತೆಗೆದು, ಬಟಾಣಿ ಪ್ಯಾಕೆಟ್ ಪಕ್ಕಕ್ಕೆ ತಳ್ಳಿ, ಬಾಲ ಒಂದಿಷ್ಟು ಮಡಿಸಿ ತುರುಕಿದ್ದೇನೆ. ನಮ್ಮ ಮನೆಯವರು ದಿನಾ ಸಂಜೆ ಫ್ರೀಜರ್ ಬಾಗಿಲು ತೆಗೆದು ನೋಡುತ್ತಾರೆ. ಸಾರು ಯಾವಾಗ ಎಂದು ಕೇಳುತ್ತಾರೆ. ನಾಳೆ ಅನ್ನುತ್ತೇನೆ. ಮೀನು ಬಂತು ಅಂದರೆ ಆಗಲೇ ಮುದ್ದೆಗೆ ಎಸರಿಡುವ ಮನೆ ನಮ್ಮದು. ಇಂಥ ಮನೆಯಲ್ಲಿ ಹನ್ನೆರಡು ದಿನ ಒಂದು ಕೊರಮೀನು ಕೊಯ್ಯದೆ ಉಳಿದಿದೆ ಅಂದರೆ ಏನೋ ಆಗಿದೆ ಅಂತ ತಾನೇ ಅರ್ಥ?

ಆಗಿದೆ. ಹೇಳುತ್ತೇನೆ.

ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ನನಗೆ ಗಾಳದ ಹುಚ್ಚು. ವಾರದಲ್ಲಿ ಆರು ದಿನ ರಾಮನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ, ಏಳನೇ ದಿನ ಕೆರೆ ದಡ. (ಹೆಂಗಸರೂ ಗಾಳ ಹಾಕುತ್ತಾರಾ ಎಂದು ಪತ್ರ ಬರೆದು ಕೇಳಿದವರಿಗೆ: ಹಾಕುತ್ತಾರೆ. ಮೀನು ಕಚ್ಚುವ ಮೊದಲು ದಡದಲ್ಲಿ ಯಾರಿದ್ದಾರೆ ಅಂತ ವಿಚಾರಿಸುವುದಿಲ್ಲ.) ತವರೂರು ಬೈರಾಪಟ್ಟಣದಲ್ಲಿ ನಮ್ಮಪ್ಪ ಕೊಕ್ಕೆಗೆ ಎರೆಹುಳ ಪೋಣಿಸುವುದನ್ನು ಕಲಿಸಿದಾಗ ನಾನು ಎರಡನೇ ಕ್ಲಾಸು. ಅಂದಿನಿಂದ ಹತ್ತಿದ ಚಟ, ಐವತ್ತು ದಾಟಿದರೂ ಬಿಟ್ಟಿಲ್ಲ.

ನಾನು ಹೋಗುವುದು ಚನ್ನಪಟ್ಟಣ ತಾಲ್ಲೂಕಿನ ಒಂದು ಸಣ್ಣ ಕೆರೆಗೆ. ಹೊಂಗನೂರಿನ ಕಡೆ ಅಂತ ಮಾತ್ರ ಹೇಳಬಲ್ಲೆ. ಹೆಸರು ಯಾಕೆ ಹೇಳುತ್ತಿಲ್ಲ ಅನ್ನುವುದು ಓದಿ ಮುಗಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ. ಏರಿಯ ಈ ತುದಿಯಿಂದ ಆ ತುದಿಗೆ ನಡೆಯಲು ಐದು ನಿಮಿಷ ಸಾಕು. ಒಂದು ಕಡೆ ಹಿಪ್ಪುನೇರಳೆ ತೋಟ, ಇನ್ನೊಂದು ಕಡೆ ತೆಂಗು, ಹಿಂದಿನ ಮೂಲೆಯಲ್ಲಿ ಆಳೆತ್ತರದ ಜೊಂಡು.

ಕೆರೆಯಲ್ಲಿ ಏನೇನು ಮೀನಿದೆ? ಗಾಳ ಹಿಡಿದು ಹೊರಟವರು ಮೊದಲು ಕೇಳುವುದೇ ಇದನ್ನು. ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ.

ಜಿಲೇಬಿ ಇದೆ. (ಸ್ವೀಟ್ ಸ್ಟಾಲಿನದಲ್ಲ. ಅಂಗೈ ಅಗಲದ, ಬೆನ್ನ ಮೇಲೆ ಮುಳ್ಳಿರುವ ಜಿಲೇಬಿ ಮೀನು.) ಎರೆಹುಳ ಹಾಕಿದರೆ ಜಿಲೇಬಿ, ಮುದ್ದೆ ಹಾಕಿದರೆ ಜಿಲೇಬಿ, ಏನೂ ಹಾಕದೆ ಬರೀ ಕೊಕ್ಕೆ ಬಿಟ್ಟರೂ ಒಂದು ಜಿಲೇಬಿ ಬಂದು ವಿಚಾರಿಸಿಕೊಂಡು ಹೋಗುತ್ತದೆ. ಕೆರೆ ತುಂಬಿಸುವ ಯೋಜನೆಯ ಪೈಪಿನಲ್ಲಿ ನೀರು ಹರಿದು ಕೆರೆ ವರ್ಷವಿಡೀ ತುಂಬಿರಲು ಶುರುವಾದ ಮೇಲೆ ಇವುಗಳ ಸಂಸಾರ ಹೇಳತೀರದು. ತೂಬಿನ ಹತ್ತಿರದ ಕೆಸರಿನಲ್ಲಿ ಗೆಂಡೆ ಇದೆ. ಬಿಸಿಲೇರುವ ಮೊದಲು, ರಾಗಿ ಮುದ್ದೆಗೆ ಚೂರು ಬೆಲ್ಲ ಕಲಸಿ, ತಾಳ್ಮೆಯಿಂದ ಕೂತರೆ ಒಂದೋ ಎರಡೋ ಸಿಕ್ಕೀತು. ಹಿಂದೆ ಯಾವಾಗಲೋ ಬಿಟ್ಟ ಕಾಟ್ಲ ನಾಲ್ಕಾರು ಉಳಿದಿರಬೇಕು. ಸಂಜೆ ಹೊತ್ತು ನಡುನೀರಿನಲ್ಲಿ ಬೆನ್ನು ತೋರಿಸುತ್ತವೆ, ಅಷ್ಟೇ. ಗಾಳಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ಕೊರಮೀನು. ಹಾವಿನಂಥ ತಲೆ, ಕಪ್ಪು ಬೆನ್ನು. ಜೊಂಡಿನ ಮರೆಯಲ್ಲಿ ಸುಮ್ಮನೆ ಕೂತು ಬೇಟೆಯಾಡುವ ಮೀನು. ಇದನ್ನು ಯಾರೂ ತಂದು ಬಿಟ್ಟದ್ದಲ್ಲ, ಕೆರೆ ಕಟ್ಟಿದಾಗಿನಿಂದಲೂ ಇದ್ದದ್ದು. ಊರಿನಲ್ಲಿ ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ ಇದರ ಸಾರನ್ನೇ ಕೊಡುತ್ತಿದ್ದರಂತೆ. ಬಲೆ ಬೀಸಿದರೆ ಕೆಸರಿನೊಳಗೆ ಹುದುಗಿಬಿಡುತ್ತದೆ, ಹಾಗಾಗಿ ಬಲೆಯವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಎರಡು ವರ್ಷದಿಂದ ಆ ಕೆರೆಯಲ್ಲಿ ಒಂದೇ ಒಂದು ಕೊರಮೀನನ್ನೂ ಊರಿನವರು ಕಂಡಿರಲಿಲ್ಲ. ಜಿಲೇಬಿ ಬಂದು ಕೊರಮೀನಿನ ಬೀಜವೇ ಅಳಿಯಿತು ಎಂದು ತೀರ್ಮಾನಿಸಿಬಿಟ್ಟಿದ್ದರು.

ತಕರಾರು ಶುರುವಾದದ್ದು ಅಲ್ಲಿಂದ.

ಮೀನು ಸಾಕುವ ಗುತ್ತಿಗೆದಾರನೊಬ್ಬ ಊರಿಗೆ ಬಂದ. ಕೆರೆ ನನಗೆ ಕೊಡಿ ಎಂದ. ಮೊದಲು ಔಷಧಿ ಹಾಕಿ ಇರುವ ಮೀನನ್ನೆಲ್ಲ ತೆಗೆದು ಕೆರೆ ಕ್ಲೀನ್ ಮಾಡುತ್ತಾನಂತೆ, ಆಮೇಲೆ ಕಾಟ್ಲ, ರೋಹು ಮರಿ ಬಿಡುತ್ತಾನಂತೆ. ಗಾಳದವರು ಏರಿ ಹತ್ತುವಂತಿಲ್ಲ. ಊರಿನ ಕೆರೆ ಸಮಿತಿಯಲ್ಲಿ ಅರ್ಧ ಜನ ಹೂಂ ಅಂದರು, ಅರ್ಧ ಜನ ಊಹೂಂ ಅಂದರು.

ಸಮಿತಿಯ ಕಾರ್ಯದರ್ಶಿ ಪುಟ್ಟಸ್ವಾಮಣ್ಣ. ರೇಷ್ಮೆ ಬೆಳೆಗಾರ. ಅವರ ಮನೆ ಏರಿಯ ಬುಡದಲ್ಲೇ ಇದೆ, ನನ್ನ ಸ್ಕೂಟರ್ ನಿಲ್ಲುವುದು ಅವರ ಹುಳದ ಮನೆಯ ನೆರಳಿನಲ್ಲಿ. ಅವರಿಗೆ ಕೆರೆಗೆ ಔಷಧಿ ಬೀಳುವುದು ಸುತರಾಂ ಇಷ್ಟವಿರಲಿಲ್ಲ. ಆದರೆ ಕೆರೆಯಲ್ಲಿ ಜಿಲೇಬಿ ಬಿಟ್ಟು ಇನ್ನೇನಿದೆ ಎಂದು ಸಮಿತಿಯವರು ಕೇಳಿದರೆ ಅವರ ಬಳಿ ಉತ್ತರವಿಲ್ಲ. ಮುಂದಿನ ಭಾನುವಾರ ಹತ್ತು ಗಂಟೆಗೆ ಅರಳಿಕಟ್ಟೆಯಲ್ಲಿ ಮೀಟಿಂಗ್, ಅಲ್ಲೇ ತೀರ್ಮಾನ ಎಂದರು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು.

"ಮೇಡಮ್ಮೋರೆ, ಕೊರಮೀನು ಐತೆ ಅಂತ ಒಸಿ ತೋರಿಸ್ಕೊಟ್ಬುಡಿ. ಆಮ್ಯಾಕೆ ಕೆರೆ ಮುಟ್ಟಾಕೆ ನಾನ್ ಯಾರನ್ನೂ ಬುಡಕಿಲ್ಲ."

ನನ್ನ ಕೈಯಲ್ಲಿ ಕೆರೆಯ ಹಣೆಬರಹವನ್ನೇ ಇಟ್ಟಹಾಗಾಯಿತು. ಭಯವಾಯಿತಾ? ಇಲ್ಲ. ಖುಷಿಯಾಯಿತು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಈಗ ನಜೀರ್ ಭಾಯ್ ವಿಷಯ ಹೇಳಬೇಕು. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರು. ಎಪ್ಪತ್ತರ ಹತ್ತಿರ ವಯಸ್ಸು. ನಲವತ್ತು ವರ್ಷದಿಂದ ಶುಕ್ರವಾರ ನಮಾಜು ಮುಗಿಸಿ ಈ ಕೆರೆಗೆ ಬರುತ್ತಾರೆ. ಅವರ ಗಾಳದ ಬೆಂಡು ಅವರೇ ಕಡೆದದ್ದು, ಅದಕ್ಕೆ ಗೊಂಬೆಗೆ ಹಾಕುವ ಅದೇ ಅರಗಿನ ಕೆಂಪು ಬಣ್ಣ. ನೀರಿನ ಮೇಲೆ ಅದು ಕುಣಿಯುವುದನ್ನು ನೋಡುತ್ತಾ ಕೂತರೆ ಮೀನು ಬರದಿದ್ದರೂ ಬೇಸರವಿಲ್ಲ. ಹೋದ ವರ್ಷ ರಂಜಾನ್ ಕಳೆದ ಮೇಲೆ ನನಗೊಂದು ಮರದ ಕಪ್ಪೆ ಮಾಡಿಕೊಟ್ಟಿದ್ದರು. ಹಸಿರು ಬೆನ್ನು, ಹಳದಿ ಹೊಟ್ಟೆ, ಹೊಟ್ಟೆಯ ಕೆಳಗೆ ಎರಡು ಕೊಕ್ಕೆ. ನೀರಿನ ಮೇಲೆ ಎಳೆದರೆ ಥೇಟ್ ಕಪ್ಪೆ ಈಜಿದ ಹಾಗೆ. ಕೊರಮೀನಿಗೆಂದೇ ಮಾಡಿದ್ದು. ಕೊಡುವಾಗಲೇ ಹೇಳಿದ್ದರು, ಮರಿ ಮಾಡೋ ಕಾಲದಲ್ಲಿ ಮಾತ್ರ ಇದನ್ನು ಹೊರಗೆ ತೆಗೆಯಬೇಡಿ ಅಂತ.

ಮೀಟಿಂಗಿಗೆ ಎರಡು ದಿನ ಮೊದಲು, ಶುಕ್ರವಾರ, ಅರ್ಧ ದಿನ ಸಿಎಲ್ ಹಾಕಿ ಅವರನ್ನು ಹುಡುಕಿಕೊಂಡು ಕೆರೆಗೆ ಹೋದೆ. (ನಮ್ಮ ಹೆಡ್‌ಮಾಸ್ಟರರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.) ಕೊರಮೀನು ನಿಜವಾಗಿ ಇದೆಯಾ ಎಂದು ಕೇಳಿದೆ. ಅವರು ಜೊಂಡಿನ ಮೂಲೆಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿದರು.

ನೀರಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಕೆಂಪು. ಕುದಿಯುವ ಸಾರಿನ ಹಾಗೆ ಸಣ್ಣಗೆ ಅಲುಗುತ್ತಿತ್ತು. ಬಗ್ಗಿ ನೋಡಿದರೆ ಮರಿಗಳು. ಸಾವಿರಾರು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡವು. ಒಟ್ಟಾಗಿ ಉಸಿರಿಗೆ ಮೇಲೆ ಬರುತ್ತವೆ, ಒಟ್ಟಾಗಿ ಕೆಳಗಿಳಿಯುತ್ತವೆ. ಅವುಗಳ ಅಡಿಯಲ್ಲಿ, ಒಂದು ಗೇಣು ಕೆಳಗೆ, ಕಪ್ಪಗೆ ಏನೋ ಸರಿದಾಡಿತು.

"ಅಪ್ಪ ಅಮ್ಮ ಇಬ್ರೂ ಅಲ್ಲೇ ಅವ್ರೆ," ಎಂದರು ನಜೀರ್ ಭಾಯ್. "ಮರಿ ದೊಡ್ಡವಾಗೋ ತಂಕ ಬಿಟ್ಟು ಹೋಗಲ್ಲ. ಅಲ್ಲೀ ತಂಕ ನಾನೂ ಈ ಮೂಲೆಗೆ ಗಾಳ ಹಾಕಲ್ಲ, ಟೀಚರಮ್ಮ."

ಮೀಟಿಂಗಿನ ವಿಷಯ ಹೇಳಿದೆ. ಅವರು ಬರಲೊಪ್ಪಲಿಲ್ಲ. ಕೆರೆ ಊರಿನವರದು, ಪೇಟೆಯಿಂದ ಬಂದು ಗಾಳ ಹಾಕುವ ತಾನು ನೆಂಟ, ನೆಂಟ ಪಂಚಾಯಿತಿಗೆ ಕೂರಬಾರದು ಎಂದರು. ಬೇಕಾದರೆ ಸಮಿತಿಯವರನ್ನೇ ಈ ದಡಕ್ಕೆ ಕರೆದುಕೊಂಡು ಬನ್ನಿ, ಕಣ್ಣಾರೆ ನೋಡಲಿ ಎಂದರು. ಎಷ್ಟು ಸುಲಭದ ಮಾತು. ತಲೆಯಾಡಿಸಿ ಬಂದೆ.

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ನೀರಿನ ಮೇಲಿನ ಒಂದು ಕೆಂಪು ಕಲೆ ತೋರಿಸಿದರೆ ಗುತ್ತಿಗೆದಾರ ನಗುವುದಿಲ್ಲವಾ? ಅದು ಕೊರಮೀನಿನದೇ ಮರಿ ಅಂತ ಏನು ಗ್ಯಾರಂಟಿ ಎಂದು ಯಾರಾದರೂ ಕೇಳಿದರೆ? ಮೀಟಿಂಗಿನ ಹೊತ್ತಿಗೆ ಮರಿಗಳು ಮುಳುಗಿ ಕೂತರೆ? ಸಾಕ್ಷಿ ಅಂದಮೇಲೆ ಕೈಯಲ್ಲಿ ಹಿಡಿದು ಎತ್ತಿ ತೋರಿಸುವ ಹಾಗಿರಬೇಕು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಯಾರಿಗೂ ಸಿಗದ ಮೀನು ನನಗೆ ಸಿಗಬೇಕಿತ್ತು. ಹಿಡಿದು, ಬಕೆಟ್‌ನಲ್ಲಿ ನೀರು ಹಾಕಿ ಒಯ್ದು, ತೋರಿಸಿ, ವಾಪಸ್ ತಂದು ಬಿಟ್ಟರಾಯಿತು. ಒಂದು ಗಂಟೆಯ ಕೆಲಸ. ಕೊರಮೀನು ಗಟ್ಟಿ ಜೀವ, ಅಷ್ಟಕ್ಕೆಲ್ಲ ಸಾಯುವುದಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಜೊಂಡಿನ ಮೂಲೆಯಲ್ಲಿದ್ದೆ.

ಮರದ ಕಪ್ಪೆಯನ್ನು ಕೆಂಪು ಕಲೆಯ ಆಚೆ ಎಸೆದು, ಅದರ ನಡುವೆ ಹಾಯುವ ಹಾಗೆ ಎಳೆದೆ. ಮರಿಗಳು ಚದುರಿ ಮುಳುಗಿದವು, ಮತ್ತೆ ಮೇಲೆ ಬಂದವು. ಎರಡನೇ ಸಲ ಎಳೆದಾಗ ನೀರು ಒಡೆದುಕೊಂಡು ಮೇಲೆದ್ದಿತು. ರಾಡು ಬಿಲ್ಲಿನ ಹಾಗೆ ಬಾಗಿತು. ಹತ್ತು ನಿಮಿಷ ಎಳೆದಾಡಿ ದಡಕ್ಕೆ ತಂದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಕೊರಮೀನು ಹಿಡಿದಿರಲಿಲ್ಲ. ಒಬ್ಬಳೇ ನಿಂತು ನಗುತ್ತಿದ್ದೆ.

ಒಂದು ವಿಷಯ ಮಾತ್ರ ಆಗಲೇ ಕಂಡಿತ್ತು. ಹಸಿದ ಮೀನು ಕೊಕ್ಕೆ ನುಂಗುತ್ತದೆ. ಇದು ನುಂಗಿರಲಿಲ್ಲ. ತುಟಿಯ ಅಂಚಿಗೆ ಮಾತ್ರ ಸಿಕ್ಕಿಹಾಕಿಕೊಂಡಿತ್ತು. ಅದು ಕಪ್ಪೆಯನ್ನು ತಿನ್ನಲು ಬಂದದ್ದಲ್ಲ, ಮರಿಗಳ ಹತ್ತಿರ ಬಂದ ಕಪ್ಪೆಯನ್ನು ಕಚ್ಚಿ ಆಚೆ ಎಸೆಯಲು ಬಂದದ್ದು. ಮೀನುಗಳಲ್ಲಿ ಮರಿಪಾಲನೆ ಎಂದು ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುವ ನಾನು, ಬಕೆಟ್ ಎತ್ತಿಕೊಂಡು ಅರಳಿಕಟ್ಟೆಗೆ ನಡೆದೆ.

ಮೀಟಿಂಗ್ ಕಾಲು ಗಂಟೆಯಲ್ಲಿ ಮುಗಿಯಿತು. ಬಕೆಟ್‌ನಿಂದ ಮೀನು ಎತ್ತಿದ್ದೇ ತಡ, ಗುತ್ತಿಗೆದಾರನ ಮಾತು ಕೇಳುವವರೇ ಇಲ್ಲ. ಹಿರಿಯರು ಎದ್ದು ಬಂದು ಮುಟ್ಟಿ ನೋಡಿದರು. ತನ್ನ ಬಾಣಂತನದಲ್ಲಿ ತಿಂದಿದ್ದೆ ಎಂದು ಒಬ್ಬ ಅಜ್ಜಿ ಮೀನಿನ ತಲೆ ಸವರಿದಳು. ಕೆರೆಗೆ ಔಷಧಿ ಬೀಳುವುದಿಲ್ಲ, ಬಲೆ ಇಲ್ಲ, ಈ ವರ್ಷ ಗಾಳ ಮಾತ್ರ ಎಂದು ತೀರ್ಮಾನವಾಯಿತು. ಫೋಟೋ ಆಯಿತು, ವಿಡಿಯೋ ಆಯಿತು. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಕೇಳಿದರು. ಜೊಂಡಿನ ಹತ್ತಿರ ಕೆಂಪಗೆ ಮರಿ ಕಾಣುತ್ತವೆ, ಅದರ ನಡುವೆ ಕಪ್ಪೆ ಎಳೆದೆ ಎಂದು ಕ್ಯಾಮೆರಾ ನೋಡಿಕೊಂಡು ಪಾಠ ಮಾಡಿದೆ. (ಇಪ್ಪತ್ತೈದು ವರ್ಷದ ಅಭ್ಯಾಸ, ಬಾಯಿ ತೆರೆದರೆ ಪಾಠವೇ ಬರುತ್ತದೆ.)

ಮೇಡಮ್ಮೋರೇ ತಗೊಂಡು ಹೋಗಲಿ ಎಂದು ಹಿರಿಯರೊಬ್ಬರು ಪ್ರೀತಿಯಿಂದ ಮೀನನ್ನು ಕೈಗೆತ್ತಿಕೊಂಡರು. ಇನ್ನೊಂದು ಕೈಯಲ್ಲಿ ಕುಡುಗೋಲಿತ್ತು. ಬೇಡಿ, ಕೆರೆಗೆ ವಾಪಸ್ ಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಲ್ಲರೂ ನನ್ನನ್ನೇ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟರಲ್ಲಿ ಅವರು ಕುಡುಗೋಲಿನ ಹಿಡಿಯಿಂದ ಮೀನಿನ ತಲೆಗೆ ಒಂದು ಕೊಟ್ಟಾಗಿತ್ತು. ಆ ಅರ್ಧ ನಿಮಿಷ ನಾನು ಯಾಕೆ ಸುಮ್ಮನಿದ್ದೆ ಎಂದು ಈಗಲೂ ನನ್ನನ್ನು ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದೆ, ಹೇಳಲು ನಾಚಿಕೆ.

ಆಮೇಲೆ ಜಾಗ ನೋಡಬೇಕೆಂದು ಎಲ್ಲರೂ ಕೆರೆಗೆ ಹೊರಟರು. ಊಟದ ತಟ್ಟೆಯಷ್ಟಿದ್ದ ಕೆಂಪು ಅಷ್ಟರಲ್ಲಿ ಕಾಫಿ ಸಾಸರಿನಷ್ಟಾಗಿತ್ತು. ಸುತ್ತಲೂ ನೀರು ಚಟಪಟ ಎನ್ನುತ್ತಿತ್ತು. ಜಿಲೇಬಿಗಳು. ಒಂದು ಕಡೆ ಕಪ್ಪು ಬೆನ್ನೊಂದು ನುಗ್ಗಿ ಅಟ್ಟುತ್ತಿತ್ತು. ಅದು ಇತ್ತ ತಿರುಗಿದರೆ ಜಿಲೇಬಿಗಳು ಅತ್ತಲಿಂದ ಬರುತ್ತಿದ್ದವು. ಎರಡು ಮೀನು ಕಾಯುತ್ತಿದ್ದ ಜಾಗವನ್ನು ಒಂದೇ ಮೀನು ಕಾಯಬೇಕಾಗಿತ್ತು. ಹುಡುಗರು ಮೀನಿನ ಆಟ ನೋಡಿ ಖುಷಿಪಟ್ಟರು. ಅಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ ಅಂದುಕೊಂಡೆ. ನನಗೆ ಅಳು ಬಂತು, ಬಿಸಿಲು ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಸೋಮವಾರ ಸಂಜೆ ಸ್ಕೂಲು ಬಿಟ್ಟ ಮೇಲೆ ಸ್ಕೂಟರ್ ಹತ್ತಿ ಮತ್ತೆ ಹೋದೆ. ಕೆಂಪು ಇರಲಿಲ್ಲ.

ಇಷ್ಟಕ್ಕೇ ಮುಗಿಯಿತಾ? ಇಲ್ಲ. ನನ್ನ ಪಾಠದ ವಿಡಿಯೋ ತಾಲ್ಲೂಕು ಸುತ್ತಿತು. ಮುಂದಿನ ಭಾನುವಾರ ಹೋದರೆ ಏರಿಯ ಮೇಲೆ ಸಾಲಾಗಿ ಬೈಕುಗಳು. ರಾಮನಗರ, ಮಾಗಡಿ, ಕನಕಪುರ, ಬೆಂಗಳೂರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕಪ್ಪೆ. ಗುರುತು ಹಿಡಿದು ಹತ್ತಿರ ಬಂದರು, ಬಹಳ ಮರ್ಯಾದೆಯಿಂದಲೇ ಕೇಳಿದರು, ಮೇಡಂ, ಆ ಕೆಂಪು ಯಾವ ಕಡೆ ಕಾಣುತ್ತೆ? ಕೆರೆಯನ್ನು ಗುತ್ತಿಗೆದಾರನಿಂದ ಉಳಿಸಿ ಇವರ ಕೈಗೆ ಕೊಟ್ಟವಳು ನಾನೇ.

ನೇರ ಪುಟ್ಟಸ್ವಾಮಣ್ಣನ ಮನೆಗೆ ಹೋದೆ. ಅವರು ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ನಜೀರ್ ಭಾಯ್ ಮರಿ ತೋರಿಸಿದ್ದು, ಸಮಿತಿಯವರನ್ನು ಕರೆದು ತೋರಿಸಿ ಎಂದದ್ದು, ನಾನು ಅದನ್ನು ಬಿಟ್ಟು ಗಾಳ ಹಾಕಿದ್ದು. ನೀವು ತೋರಿಸಿ ಅಂದಿರಲ್ಲ, ನಂಬುತ್ತೀರೋ ಇಲ್ಲವೋ ಅನ್ನಿಸಿತು ಎಂದೆ. ಅವರು ಸೊಪ್ಪಿನ ಕಂತೆ ಕೆಳಗಿಟ್ಟರು.

"ಬಂದು ನೋಡ್ರಪ್ಪಾ ಅಂತ ಒಂದ್ ಮಾತು ಅಂದಿದ್ರೆ ನಾವ್ ಬತ್ತಿರ್ಲಿಲ್ವ ಮೇಡಮ್ಮೋರೆ? ಆ ಮರಿನ ನಾವೂ ಚಿಕ್ಕಂದಿಂದ ನೋಡ್ಕಂಡೇ ಬೆಳ್ದೋರು. ತೋರ್ಸಿ ಅಂದೆ, ಹಿಡ್ಕಂಡ್ ಬನ್ನಿ ಅಂದ್ನಾ?"

ಸಮಿತಿಯವರಿಗೆ ಆ ಮರಿಗಳ ಗುರುತು ನನಗಿಂತ ಚೆನ್ನಾಗಿ ಗೊತ್ತಿತ್ತು! ನಾಲ್ಕು ಹೆಜ್ಜೆ ನಡೆಸಿ ತೋರಿಸಿದ್ದರೆ ಸಾಕಿತ್ತು. ಹಳ್ಳಿಯವರು ಕಣ್ಣಿಗೆ ಕಂಡದ್ದನ್ನು ನಂಬಲಾರರು ಎಂದು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತವಳೊಬ್ಬಳು ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು.

ಇದು ಮೀನಿನ ವಿಷಯದಲ್ಲಿ ಮಾತ್ರ ಮಾಡುತ್ತೇವಾ? ಮಗು ಚೆನ್ನಾಗಿ ಹಾಡುತ್ತದೆ ಅಂದರೆ ಸಾಲದು, ನೆಂಟರ ಮುಂದೆ ನಿಲ್ಲಿಸಿ ಅದು ಅಳುವ ತನಕ ಹಾಡಿಸಬೇಕು. ಅನ್ನ ಬೆಂದಿದೆಯಾ ಎಂದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಹಬೆಯೆಲ್ಲ ಹಾಳುಮಾಡಬೇಕು. ಇದೆ ಅನ್ನುವುದನ್ನು ಇದ್ದಲ್ಲೇ ಬಿಟ್ಟು ನಂಬುವುದು ನಮ್ಮಿಂದ ಆಗುವುದಿಲ್ಲ. ಕಿತ್ತು ತಂದು ಮೇಜಿನ ಮೇಲೆ ಇಟ್ಟರೇ ಸಮಾಧಾನ. ನಾನಂತೂ ಬೋರ್ಡಿನ ಮುಂದೆ ನಿಂತು ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ, ಗೊತ್ತು ಅನ್ನುವ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಹೆದರಿಸಿ, ಗೊತ್ತಿದ್ದದ್ದನ್ನೂ ಮರೆಸಿ ಕೂರಿಸಿದ್ದೇನೆ.

ಪುಟ್ಟಸ್ವಾಮಣ್ಣ ಬೈದು ಕೂರುವ ಪೈಕಿಯಲ್ಲ. ಅವತ್ತೇ ಮಧ್ಯಾಹ್ನ ಜೊಂಡಿನ ಮೂಲೆಗೆ ಅಡ್ಡಲಾಗಿ ಹಗ್ಗ ಎಳೆಸಿದರು, ಅದಕ್ಕೆ ಖಾಲಿ ನೀರಿನ ಬಾಟಲಿ ಕಟ್ಟಿಸಿದರು. ಹಗ್ಗದಾಚೆ ದೀಪಾವಳಿಯ ತನಕ ಯಾರೂ ಗಾಳ ಹಾಕುವಂತಿಲ್ಲ. ಬೈಕಿನವರು ಗೊಣಗಿದರು, ಒಬ್ಬೊಬ್ಬರಾಗಿ ಹೊರಟರು. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು. ಆದರೆ ಹಗ್ಗದ ಆಚೆ ಈಗ ಏನಿದೆ?

ಅದನ್ನು ಹೇಳಬಲ್ಲವರು ಒಬ್ಬರೇ. ಮಂಗಳವಾರ ಚನ್ನಪಟ್ಟಣಕ್ಕೆ ಹೋಗಿ ನಜೀರ್ ಭಾಯ್ ಅವರ ಶೆಡ್ಡಿನ ಬಾಗಿಲಲ್ಲಿ ನಿಂತೆ. ಅವರು ಮೆಷಿನ್ ನಿಲ್ಲಿಸಿದರು. ಶುಕ್ರವಾರ ಕೆರೆಗೆ ಹೋಗಿದ್ದಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಒಂದು ಮಾತೂ ಬೈಯಲಿಲ್ಲ, ಟೀ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಮರಿ ಏನಾದರೂ ಉಳಿದಿವೆಯಾ ಎಂದು ಕೇಳಿದೆ.

"ನಂಗೆ ಕಾಣ್ಲಿಲ್ಲ ಟೀಚರಮ್ಮ. ಇನ್ನೊಂದು ದೊಡ್ಡದು ಐತೆ. ಅಲ್ಲಲ್ಲೇ ಸುತ್ತು ಹೊಡೀತಾ ಐತೆ, ಮರಿ ಹುಡುಕ್ಕೊಂಡು."

ಬ್ಯಾಗಿನಿಂದ ಮರದ ಕಪ್ಪೆ ತೆಗೆದು ಅವರ ಮುಂದಿಟ್ಟೆ. ಇದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು. ಹೊಟ್ಟೆಯ ಹತ್ತಿರ ಮೀನಿನ ಹಲ್ಲು ತಾಗಿ ಹಳದಿ ಬಣ್ಣ ಗೀಚಿಹೋಗಿತ್ತು. ಇಕ್ಕಳ ತೆಗೆದುಕೊಂಡು ಎರಡೂ ಕೊಕ್ಕೆಯನ್ನು ಬುಡದಲ್ಲೇ ಕತ್ತರಿಸಿದರು. ಗೀರಿದ ಜಾಗಕ್ಕೆ ಬಣ್ಣ ಹಚ್ಚಲಿಲ್ಲ. ಕಪ್ಪೆಯನ್ನು ನನ್ನ ಕಡೆಗೇ ತಳ್ಳಿದರು.

"ಈಗ ಇದು ಗೊಂಬೆ. ಮನೇಲಿ ಮಡಿಕ್ಕೊಳಿ."

ಮಡಗಿಕೊಂಡಿದ್ದೇನೆ. ಕಪ್ಪೆ ಫ್ರಿಜ್ಜಿನ ಮೇಲೆ ಕೂತಿದೆ, ಮೀನು ಒಳಗಿದೆ. ನಮ್ಮ ಮನೆಯವರು ಇವತ್ತೂ ಸಾರು ಕೇಳಿದರು, ನಾಳೆ ಅಂದೆ.

ಕೆರೆಯಲ್ಲಿ ಕೊರಮೀನು ಇದೆ ಎಂದು ಊರ ಮುಂದೆ ಸಾಬೀತು ಮಾಡಿದ್ದಾಯಿತು; ಈಗಲೂ ಇದೆಯಾ ಎಂದು ನೀವು ಕೇಳಿದರೆ ಏನು ಹೇಳಲಿ?